ರಾಷ್ಟ್ರೋತ್ಸವದ ಪಾನೀಯ

ಉತ್ಸವವೆಂದ ಮೇಲೆ ನೆರೆದವರ ಕೈಗೆ ಏನನ್ನಾದರೂ ಕೊಡಬೇಕಷ್ಟೆ. ದೇವರ ಉತ್ಸವಗಳಲ್ಲಿ ಏನು ಕೊಡಬೇಕೆಂಬುದನ್ನು ಹಿರಿಯರು ಗೊತ್ತುಮಾಡಿಟ್ಟು ಹೋಗಿದ್ದಾರೆ. ರಾಮನವಮಿಗೆ ಪಾನಕ, ಕೋಸಂಬರಿ. ಕೊಟ್ಟೂರು ಗುರುಬಸವೇಶ್ವರನ ತೇರಿಗೆ ನಡೆದು ಬರುವ ಯಾತ್ರಿಕರಿಗೆ ದಾರಿಯುದ್ದಕ್ಕೂ ಅನ್ನ, ಮಜ್ಜಿಗೆ. ಆದರೆ ದೇಶದ ಉತ್ಸವಕ್ಕೆ ಏನು? ಪ್ರಶ್ನೆಯು ಅಲ್ಪವೆಂದು ತೋರಿದರೂ ಗೃಹಸ್ಥರಾದವರು ಕೊಂಚ ಹೊತ್ತು ವಿಚಾರ ಮಾಡುವುದಕ್ಕೆ ತಕ್ಕದ್ದೆಂದು ನನ್ನ ಅಭಿಪ್ರಾಯ.

ನನ್ನಲ್ಲಿ ಓದಿ ಈಗ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಶಿಷ್ಯನೊಬ್ಬನು ರಜೆಗೆ ಬಂದಾಗ ಈ ಮಾತು ಹುಟ್ಟಿತು. 2023ರ ಮೇ 6ರಂದು ಅಲ್ಲಿ ಮೂರನೆಯ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕವಾಯಿತು. ಆ ಉತ್ಸವದ ನಿಮಿತ್ತವಾಗಿ ಪಾನಗೃಹಗಳನ್ನು ರಾತ್ರಿ 11 ಗಂಟೆಗೆ ಬದಲಾಗಿ 1 ಗಂಟೆಯವರೆಗೆ ತೆರೆದಿಡಲು ಸರಕಾರವೇ ಅಪ್ಪಣೆ ಕೊಟ್ಟಿತ್ತು. “ನಮ್ಮಲ್ಲಿ ರಾಷ್ಟ್ರೀಯ ಹಬ್ಬ ಬಂದರೆ ಅಂಗಡಿ ಮುಚ್ಚಿಸುತ್ತಾರೆ, ಗುರುಗಳೇ. ಅಲ್ಲಿ ಹೊತ್ತು ಮೀರಿಯೂ ತೆರೆಸುತ್ತಾರೆ” ಎಂದು ಅವನು ನಕ್ಕನು.

ಅಲ್ಲಿಯವರಿಗೆ ಪ್ರಿಯವಾದುದು ಏಲ್ ಎಂಬ ಹಳೆಯ ಬಗೆಯ ಬಿಯರು. ಮೊಳೆಯಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಬಿಸಿನೀರಿನಲ್ಲಿ ನೆನೆಸಿ, ಸೋಸಿದ ರಸವನ್ನು ಹಾಪ್ಸ್ ಎಂಬ ಬಳ್ಳಿಯ ಕಹಿಯಾದ ಹೂಗಳೊಡನೆ ಕುದಿಸಿ, ಆರಿದ ಮೇಲೆ ಯೀಸ್ಟು ಬೆರೆಸಿ ಹುದುಗಿಸುತ್ತಾರೆ. ಸಂಪ್ರದಾಯದ ಏಲು ಪೀಪಾಯಿಯನ್ನು ಸೇರಿದ ಮೇಲೂ ಹುದುಗುತ್ತಲೇ ಇರುತ್ತದೆ. ಹೊರಗಿನಿಂದ ಅನಿಲವನ್ನು ತುಂಬುವುದಿಲ್ಲ. ಮದುವೆಗೆ ಸಂಬಂಧಿಸಿದ ಅವರ ‘ಬ್ರೈಡಲ್’ ಎಂಬ ಶಬ್ದವನ್ನು ಬಿಡಿಸಿದರೆ ‘ವಧುವಿನ ಏಲು’ ಎಂದೇ ಅರ್ಥ. ಉತ್ಸವಕ್ಕೂ ಆ ಪಾನೀಯಕ್ಕೂ ಅಲ್ಲಿರುವ ನಂಟು ಅಷ್ಟು ಹಳೆಯದು.

ಕಾರ್ಖಾನೆಯ ಅನಿಲ ತುಂಬಿದ ಬಿಯರು ಈ ಏಲನ್ನು ಮೂಲೆಗೊತ್ತತೊಡಗಿದಾಗ, 1971ರಲ್ಲಿ ನಾಲ್ವರು ಗೆಳೆಯರು ಸೇರಿ ಅದರ ಉಳಿವಿಗಾಗಿ ಒಂದು ಸಂಘವನ್ನೇ ಕಟ್ಟಿದರು. 2012ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಾಗ ಹೈನೆಕೆನ್ ಎಂಬ ಡಚ್ಚರ ಬಿಯರಿಗೆ ಅಧಿಕೃತ ಸ್ಥಾನ ದೊರೆಯಿತು. ನಮ್ಮ ಮನೆಯ ಉತ್ಸವದಲ್ಲಿ ನಮ್ಮ ನೆಲದ ಪಾನೀಯಕ್ಕೆ ಮಣೆಯಿಲ್ಲವೇ ಎಂದು ಏಲಿನ ಅಭಿಮಾನಿಗಳು ನೊಂದುಕೊಂಡರು. ನಾನು ಮದ್ಯವನ್ನು ಮುಟ್ಟಿದವನಲ್ಲ. ಆದರೂ ಅವರ ಈ ನೋವಿನಲ್ಲಿ ಸತ್ಯವಿದೆ ಎಂದು ನನಗೆ ತೋರಿತು. ತಮ್ಮ ಉತ್ಸವದ ಪಾತ್ರೆಯಲ್ಲಿ ಏನಿರಬೇಕೆಂಬುದನ್ನು ಅವರು ಬಲ್ಲರು.

ನಮ್ಮ ಪೂರ್ವಿಕರೆಲ್ಲರೂ ಹಾಲು ಮಜ್ಜಿಗೆಗಳಲ್ಲೇ ಉತ್ಸವ ಮಾಡಿದರೆಂದು ಹೇಳಿದರೆ ಅಸತ್ಯವಾದೀತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಉತ್ಸವ, ಸಮಾಜ, ಯಾತ್ರೆಗಳ ಕಾಲದಲ್ಲಿ ನಾಲ್ಕು ದಿನಗಳ ಮಟ್ಟಿಗೆ ಸುರೆಗೆ ಅನುಮತಿಯನ್ನು ಕೊಡಬೇಕೆಂದು ಅಲ್ಲಿ ವಿಧಿಸಲಾಗಿದೆ. ಆದರೆ ಮಹಾಭಾರತದ ಮೌಸಲ ಪರ್ವದಲ್ಲಿ, ಪ್ರಭಾಸತೀರ್ಥಕ್ಕೆ ಯಾತ್ರೆ ಹೋದ ಯಾದವರು ಕುಡಿದು, ಮಾತಿಗೆ ಮಾತು ಬೆಳೆದು, ತಮ್ಮವರನ್ನೇ ಕೊಂದುಕೊಂಡರು. ಶಾಸ್ತ್ರವು ಅನುಮತಿಯನ್ನು ಬರೆದಿಟ್ಟಿತು. ಇತಿಹಾಸವು ಪರಿಣಾಮವನ್ನು ಬರೆದಿಟ್ಟಿತು.

ಇನ್ನು ಬಿಯರೆಂಬುದು ನಮ್ಮಲ್ಲಿಗೆ ಬಂದುದು ಉತ್ಸವಕ್ಕಾಗಿಯಲ್ಲ, ಆಂಗ್ಲರ ದಂಡಿಗಾಗಿ. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬಿಯರು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಸಂಸ್ಥೆಯನ್ನು ಮಾಡಿದನು. ದೊಡ್ಡ ಪೀಪಾಯಿಗಳು ಎತ್ತಿನ ಗಾಡಿಗಳಲ್ಲಿ ಸೈನಿಕರಿಗೆ ಹೋಗುತ್ತಿದ್ದುವು. ಬೆಂಗಳೂರಿನ ಆ ಸಂಸ್ಥೆಯ ಹತೋಟಿಯು 2021ರಲ್ಲಿ, ಲಂಡನ್ನಿನವರು ಪರಕೀಯವೆಂದು ನೊಂದುಕೊಂಡ ಅದೇ ಹೈನೆಕೆನ್ ಕಂಪೆನಿಯ ಕೈಸೇರಿತು. ಆದುದರಿಂದ ಬಿಯರನ್ನು ನಮ್ಮದೆಂದು ಹೇಳಿಕೊಳ್ಳಲು ನಮಗೆ ಹಳೆಯ ಆಧಾರವೂ ಇಲ್ಲ, ಹೊಸ ಆಧಾರವೂ ಇಲ್ಲ.

ಶಾಸನಗಳಲ್ಲಿ ಕೋಗಳಿ-500 ಎಂದು ಹೆಸರಾದ ನಮ್ಮ ಈ ನಾಡು, ಸ್ವಾತಂತ್ರ್ಯ ಬಂದಾಗ ಬಳ್ಳಾರಿ ಜಿಲ್ಲೆಯೊಡನೆ ಮದರಾಸು ಪ್ರಾಂತದಲ್ಲಿತ್ತು. 1948ರ ಅಕ್ಟೋಬರ್ 2ರ ಹೊತ್ತಿಗೆ ಆ ಪ್ರಾಂತದಲ್ಲೆಲ್ಲ ಪಾನನಿಷೇಧವು ಜಾರಿಗೆ ಬಂದಿತು. ಮಹಾತ್ಮರ ಚಿತಾಭಸ್ಮವನ್ನಿರಿಸಿದ ಸ್ಮಾರಕವು ನಮ್ಮ ಕೂಡ್ಲಿಗಿಯಲ್ಲಿದೆ. ಆ ನಿಷೇಧ ಈಗ ಉಳಿದಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಬಾಟಲಿಯ ಮದ್ಯ ನಿಲ್ಲಲಿಲ್ಲ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಈ ದಿನಗಳಲ್ಲಿ ಮಾತ್ರ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ.

ಮುಚ್ಚಿದ ಬಾಗಿಲಿನ ಹಿಂದಿನ ಸಂಜೆಯನ್ನು ಬಲ್ಲವರು ಬಲ್ಲರು. ನಾನು ಕೆಲಸದಲ್ಲಿದ್ದ ಕಡೆಯ ವರ್ಷಗಳಲ್ಲಿ ಒಮ್ಮೆ ಆಗಸ್ಟ್ 14ರ ಸಂಜೆ, ಧ್ವಜಸ್ತಂಭಕ್ಕೆ ಹೊಸ ಹಗ್ಗ ತರಲೆಂದು ಪೇಟೆಗೆ ಹೋಗಿದ್ದೆನು. ಮದ್ಯದಂಗಡಿಯ ಮುಂದೆ ಉದ್ದನೆಯ ಸಾಲು. ಮಗ್ಗುಲಲ್ಲಿ ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬನು ಕೈಚೀಲ ಹಿಡಿದು, ಸಾಲಿನಲ್ಲಿದ್ದ ತಂದೆಯನ್ನು ಕಾಯುತ್ತ ನಿಂತಿದ್ದನು. ನನ್ನನ್ನು ಕಂಡೊಡನೆ ಚೀಲವನ್ನು ಬೆನ್ನ ಹಿಂದೆ ಮರೆಮಾಡಿದನು. ಮರುದಿನ ಮಕ್ಕಳಿಗೆಲ್ಲ ಪ್ರತಿಜ್ಞೆಯನ್ನು ಹೇಳಿಕೊಡಬೇಕಾದವನು ಅವನೇ. ಹೇಳಿಕೊಟ್ಟನು, ದನಿ ಸ್ಪಷ್ಟವಾಗಿತ್ತು. ಆದರೆ ಒಂದು ಸಲವಾದರೂ ನನ್ನ ಮುಖವನ್ನು ನೋಡಲಿಲ್ಲ. ನೆರೆದ ತಂದೆತಾಯಿಗಳಲ್ಲಿ ಅವನ ತಂದೆಯನ್ನು ಹುಡುಕಿದೆನು, ಕಾಣಲಿಲ್ಲ.

ಕಾಯಿದೆಯನ್ನು ನಾನು ನಿಂದಿಸುವುದಿಲ್ಲ. ಅದು ಇರಲೇಬೇಕು. ಆದರೆ ಕಾಯಿದೆಯು ಏನನ್ನು ಕುಡಿಯಬಾರದೆಂದು ಹೇಳೀತೇ ಹೊರತು, ಬರಿದಾದ ಕೈಗೆ ಏನನ್ನೂ ಕೊಡಲಾರದು. ಕೊಡಬೇಕಾದವರು ನಾವು. ಧ್ವಜವಂದನೆಯಾದ ಮೇಲೆ ಮಕ್ಕಳಿಗೆ ಎರಡು ಪೆಪ್ಪರಮೆಂಟು, ಅತಿಥಿಗಳಿಗೆ ಬಣ್ಣದ ನೀರಿನ ಬಾಟಲಿ ಹಂಚಿ, ಅರ್ಧ ಗಂಟೆಯಲ್ಲಿ ಎಲ್ಲರನ್ನೂ ಕಳುಹಿಸಿಬಿಟ್ಟರೆ, ಉಳಿದ ಹಗಲನ್ನು ದುಡಿಮೆಗಾರನು ಹೇಗೆ ಕಳೆಯಬೇಕು?

ಆಂಗ್ಲರಿಗೆ ಬಾರ್ಲಿಯಿದ್ದಂತೆ ನಮಗೆ ಜೋಳವಿದೆ. ಹಿಂದಿನ ರಾತ್ರಿ ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಮಡಕೆಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಹದವಾಗಿ ಹುಳಿಯುತ್ತದೆ. ಅದನ್ನು ಕುದಿಯುವ ನೀರಿಗೆ ಹೊಯ್ದು, ಗಂಟಾಗದಂತೆ ತಿರುವಿ, ಆರಿಸಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿದರೆ ಅಂಬಲಿ. ಏಲಿನಂತೆ ಇದೂ ಹುದುಗಿನ ಮಹಿಮೆಯೇ. ಆದರೆ ಮತಿಯನ್ನು ಕೆಡಿಸದು, ಹೊಟ್ಟೆಯನ್ನು ತುಂಬುವುದು. ಬಡವನ ಮನೆಯದೆಂದು ಇದನ್ನು ಸಭೆಗೆ ತರಲು ನಾಚುತ್ತೇವೆ. ಆ ನಾಚಿಕೆಯೇ ನಮ್ಮ ದಾರಿದ್ರ್ಯ.

ಕಳೆದ ಆಗಸ್ಟ್ 15ಕ್ಕೆ ನಾವು ನಾಲ್ಕಾರು ಮನೆಯವರು ಸೇರಿ ಎರಡು ಕೊಳಗ ಅಂಬಲಿ ಕಾಸಿ ಶಾಲೆಯ ಅಂಗಳಕ್ಕೆ ಒಯ್ದೆವು. “ಇದನ್ನು ಯಾರು ಮುಟ್ಟುತ್ತಾರೆ?” ಎಂದು ನಮ್ಮ ಮನೆಯವರು ಮೊದಲು ಅನುಮಾನಿಸಿದರು. ಮಕ್ಕಳು ಮೂಗು ಮುರಿದು ಕುಡಿದರು, ಕುಡಿದು ಮತ್ತೊಮ್ಮೆ ಕೇಳಿದರು. ಬೇವಿನ ಮರದ ಕೆಳಗೆ ಕುಳಿತ ಕೆಲವು ಗಂಡಸರು, ಮಕ್ಕಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಮಳೆ ಬೆಳೆಗಳ ಮಾತಾಡುತ್ತ ಮಧ್ಯಾಹ್ನದವರೆಗೂ ಎದ್ದು ಹೋಗಲಿಲ್ಲ. ಇದರಿಂದ ಅಂಗಡಿಯ ಮುಂದಿನ ಸಾಲು ಕರಗಿತೆಂದು ನಾನು ಹೇಳಲಾರೆ. ಒಂದು ಹೊತ್ತು ತಂದೆಯೂ ಮಗನೂ ಒಂದೇ ಕೊಳಗದಿಂದ ಕುಡಿದರೆಂದು ಹೇಳಬಲ್ಲೆನು.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಬರುವ ರಾಷ್ಟ್ರೋತ್ಸವಕ್ಕೆ ನಿಮ್ಮ ಸೀಮೆಯಲ್ಲಿ ಜೋಳವಿದ್ದರೆ ಜೋಳದ್ದು, ರಾಗಿಯಿದ್ದರೆ ರಾಗಿಯದು, ಒಂದು ಕೊಳಗ ಅಂಬಲಿಯನ್ನು ನಿಮ್ಮ ಬೀದಿಯ ಧ್ವಜದ ಬಳಿಗೆ ಕಳುಹಿಸಿರಿ. ಖರ್ಚು ಸ್ವಲ್ಪ. ಹಿಂದಿನ ರಾತ್ರಿಯೇ ಹಿಟ್ಟು ಕದಡಿಡುವುದನ್ನು ಮಾತ್ರ ಮರೆಯಬಾರದು.