ಒಳಗೆ ಬಿಟ್ಟ ಬಟ್ಟೆ

ಹೊಲಿಗೆ ಮಿಷನ್ ಇರುವ ಮನೆಯವರು ಹೊಸ ಬಟ್ಟೆ ಹೊಲಿದುಕೊಂಡದ್ದನ್ನು ನಾನು ಕಂಡದ್ದು ಕಡಿಮೆ. ಅಲ್ಲಿ ನಡೆಯುವುದೆಲ್ಲ ಬಿಚ್ಚುವ, ಬಿಡಿಸುವ, ಹಿಡಿಸುವ, ತೇಪೆ ಹಾಕುವ ಕೆಲಸ. ಉಳಿದ ಹೊತ್ತಿನಲ್ಲಿ ಮಿಷನ್ನು ಒಂದು ಮೇಜು. ಮಕ್ಕಳು ಅದರ ಮೇಲೆ ಹೋಂವರ್ಕ್ ಬರೆಯುತ್ತಾರೆ, ಗಂಡಸರು ಪೇಪರ್ ಹರಡುತ್ತಾರೆ, ಇಸ್ತ್ರಿಗೆ ಹೋಗಬೇಕಾದ ಬಟ್ಟೆ ಅಲ್ಲೇ ವಾರಗಟ್ಟಲೆ ಬಿಡಾರ ಹೂಡುತ್ತದೆ. ಹೊನ್ನಾಳಿಯ ನಮ್ಮ ತವರುಮನೆಯಲ್ಲಿ ಅವ್ವನ ಉಷಾ ಮಿಷನ್ನು ಪಡಸಾಲೆಯ ಕಿಟಕಿಗೆ ಹೊಂದಿಕೊಂಡು ನಿಂತಿತ್ತು. ಅದರ ಪೆಡಲ್ಲು ನಮ್ಮ ಪಾಲಿಗೆ ಹರಿಹರದ ಬಸ್ಸು. ತಮ್ಮ ಡ್ರೈವರ್, ನಾನು ಕಂಡಕ್ಟರ್. ಬೆಲ್ಟು ಕಳಚಿದರೆ ಬಸ್ಸು ಕೆಟ್ಟಿತೆಂದು ಇಳಿದು ಓಡುತ್ತಿದ್ದೆವು.

"ಯಾರ್ರೇ ಮುಟ್ಟಿದ್ದು ಇದನ್ನ?" ಎಂಬುದು ಆ ಮನೆಯಲ್ಲಿ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ. ನೂಲು ಗಂಟು ಕಟ್ಟಿದರೂ, ಸೂಜಿ ಮುರಿದರೂ, ಬಾಬಿನ್ನು ಉರುಳಿ ಮಂಚದಡಿ ಅಡಗಿದರೂ, ಬಿಳಿ ಬಟ್ಟೆಯ ಮೇಲೆ ಎಣ್ಣೆ ತೊಟ್ಟಿಕ್ಕಿದರೂ ಅವ್ವನ ದೃಷ್ಟಿಯಲ್ಲಿ ಮಿಷನ್ನಿನ ತಪ್ಪಿಲ್ಲ. ಯಾರೋ ಮುಟ್ಟಿದ್ದಾರೆ. ಮಿಷನ್ನಿಗೂ ತಿಥಿ ವಾರ ಗೊತ್ತಿತ್ತು. ವರ್ಷವಿಡೀ ಸುಮ್ಮನಿದ್ದ ಸೂಜಿ ಗೌರಿಹಬ್ಬದ ಹಿಂದಿನ ರಾತ್ರಿ, ಅಂಗಡಿಗಳ ಬಾಗಿಲು ಬಿದ್ದ ಮೇಲೆಯೇ ಮುರಿಯುತ್ತಿತ್ತು.

ಮಿಷನ್ ತಂದವರು ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದ ಅಪ್ಪ. ಅವರಿಗೆ ಯಾವುದನ್ನು ಕೊಳ್ಳುವುದಕ್ಕೂ ಗಾಂಧೀಜಿಯ ಒಪ್ಪಿಗೆ ಬೇಕಿತ್ತು. ಅದೃಷ್ಟಕ್ಕೆ ಈ ಒಂದು ವಿಷಯದಲ್ಲಿ ಅದು ಸಿಕ್ಕಿತ್ತು. ಯಂತ್ರಗಳ ಹುಚ್ಚನ್ನು ಅಷ್ಟು ಟೀಕಿಸಿದ ಗಾಂಧೀಜಿ, 1924ರಲ್ಲಿ 'ಯಂಗ್ ಇಂಡಿಯಾ'ದಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಮಾತ್ರ ಹೊರಗಿಟ್ಟು ಹೊಗಳಿದ್ದರು. ಹೆಂಡತಿ ಕೈಹೊಲಿಗೆಯಲ್ಲಿ ದಣಿಯುವುದನ್ನು ನೋಡಲಾರದೆ ಸಿಂಗರ್ ಪ್ರೀತಿಯಿಂದ ಇದನ್ನು ಕಂಡುಹಿಡಿದನೆಂಬ ಕಥೆ ಅವರಿಗೆ ಹಿಡಿಸಿತ್ತು. ಪುಣ್ಯಕ್ಕೆ ಸಿಂಗರ್ ಸಾಹೇಬನ ಸಂಸಾರದ ಪೂರ್ತಿ ಲೆಕ್ಕ ಅವರಿಗೆ ಯಾರೂ ಒಪ್ಪಿಸಿದ ಹಾಗಿಲ್ಲ. 1851ರಲ್ಲಿ ಪೇಟೆಂಟ್ ಪಡೆದ ಈ ನಾಟಕದ ನಟನಿಗೆ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಸಂಸಾರ, ಒಟ್ಟು ಇಪ್ಪತ್ತಕ್ಕೂ ಮಿಕ್ಕಿದ ಮಕ್ಕಳು. ಅಷ್ಟು ಮಕ್ಕಳ ಚಡ್ಡಿ ಹೊಲಿಯಲು ಕೈಸೂಜಿ ಯಾವ ಮೂಲೆಗೆ ಸಾಕು? ಅಪ್ಪ ಸಿಂಗರ್ ಕಥೆ ಹೇಳಿದಾಗಲೆಲ್ಲ ಅವ್ವನದು ಒಂದೇ ಉತ್ತರ: "ಅವನು ಹೆಂಡ್ತಿ ಕಷ್ಟ ನೋಡಿ ಮಿಷನ್ ಮಾಡಿದ. ನೀವು ಮಿಷನ್ ತಂದು ಹೆಂಡ್ತಿಗೆ ಕಷ್ಟ ಮಾಡಿದ್ರಿ." ಮಾತು ಸುಳ್ಳಲ್ಲ. ಮಿಷನ್ ಬಂದ ಸುದ್ದಿ ತಿಳಿದದ್ದೇ ತಡ, ಓಣಿಯವರೆಲ್ಲ ದಿಂಬಿನ ಚೀಲ, ಹರಿದ ಸಂತೆಚೀಲ ಹಿಡಿದು, "ಒಂದೇ ಒಂದು ಹೊಲಿಗೆ ಕಣವ್ವ" ಎನ್ನುತ್ತ ಬಂದರು. ಒಂದೇ ಹೊಲಿಗೆಗೆ ಯಾರೂ ದುಡ್ಡು ಕೊಡುವುದಿಲ್ಲ.

ಅವ್ವನ ಹೊಲಿಗೆಗೆ ಅವಳದೇ ಒಂದು ಶಾಸ್ತ್ರವಿತ್ತು. ಅದರ ಮೊದಲ ಸೂತ್ರ, ಒಳಗೆ ಬಟ್ಟೆ ಬಿಡಬೇಕು. ನಮ್ಮ ಅಳತೆಯನ್ನು ಅವಳು ತೆಗೆಯುತ್ತಿದ್ದಳು, ಆದರೆ ನಂಬುತ್ತಿರಲಿಲ್ಲ. ಈವತ್ತಿನ ಮೈ ನಾಳೆ ಇರುವುದಿಲ್ಲವಾದ್ದರಿಂದ ಇನ್ನೆರಡು ವರ್ಷಕ್ಕೆ ಬರಬಹುದಾದ ಮೈಗೆ ಬಟ್ಟೆ ಕತ್ತರಿಸಿ, ಈಗಿನ ಮೈಗೆ ಮಡಚಿ ಹೊಲಿಯುತ್ತಿದ್ದಳು. ನನ್ನ ಶಾಲೆಯ ನೀಲಿ ಸ್ಕರ್ಟಿನ ಅಂಚಿನಲ್ಲಿ ಎರಡು ಮೂರು ಮಡಿಕೆಗಳಿದ್ದವು. ವರ್ಷಕ್ಕೊಂದು ಮಡಿಕೆ ಬಿಚ್ಚುವುದು. ಮೇಲಿನ ಬಟ್ಟೆ ಬಿಸಿಲಿಗೆ, ಸೋಪಿಗೆ ಬಿಳಿಚಿಕೊಂಡಿದ್ದರೆ, ಮಡಿಕೆಯೊಳಗಿಂದ ಹೊರಬಂದ ಪಟ್ಟಿ ಕಡುನೀಲಿಯಾಗಿ ಹೊಳೆಯುತ್ತಿತ್ತು. ಪಟ್ಟಿ ಎಣಿಸಿ ನಾನು ಎಷ್ಟನೇ ಕ್ಲಾಸೆಂದು ಯಾರು ಬೇಕಾದರೂ ಹೇಳಬಹುದಿತ್ತು. ನಾಚಿಕೆಯಾಗುತ್ತದೆಂದು ಅತ್ತರೆ, "ಬೆಳೆದಿದೀಯ ಅಂತ ನಾಲ್ಕು ಜನಕ್ಕೆ ಕಾಣ್ಲಿ ಬಿಡು" ಎನ್ನುತ್ತಿದ್ದಳು.

ಅಕ್ಕನನ್ನು ಜಗಳೂರಿಗೆ, ನನ್ನನ್ನು ಚನ್ನಗಿರಿಗೆ ಕೊಟ್ಟರು. ಚಿಕ್ಕವ್ವ ಮೊದಲಿನಿಂದ ನ್ಯಾಮತಿಯವಳು. ನಮ್ಮ ಮದುವೆಗಳಾದಾಗ ಇವೆಲ್ಲ ಒಂದೇ ಜಿಲ್ಲೆಯ ಊರುಗಳಲ್ಲ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದವು, ಜಗಳೂರು ಚಿತ್ರದುರ್ಗದ್ದು. 1997ರಲ್ಲಿ, ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಆದ ದಾವಣಗೆರೆ ಜಿಲ್ಲೆ ಥೇಟ್ ಕೌದಿ. ಶಿವಮೊಗ್ಗದ ಎರಡು ತುಂಡು, ಚಿತ್ರದುರ್ಗದ ಮೂರು, ಬಳ್ಳಾರಿ ಕಡೆಯಿಂದ ಹರಪನಹಳ್ಳಿ. ಆಮೇಲೆ ಹರಪನಹಳ್ಳಿಯ ಹೊಲಿಗೆ ಬಿಚ್ಚಿ ಬಳ್ಳಾರಿಗೇ ಮರಳಿಸಿದರು, ಅಲ್ಲಿಂದ ಅದು ವಿಜಯನಗರಕ್ಕೆ ಹೋಯಿತು. ಹೊನ್ನಾಳಿಯ ಅಂಚು ಕತ್ತರಿಸಿ ನ್ಯಾಮತಿಯನ್ನು ಬೇರೆ ತಾಲ್ಲೂಕು ಮಾಡಿದರು. ಪೇಪರಿನಲ್ಲಿ ಇದನ್ನೆಲ್ಲ ಓದಿದ ಅವ್ವ, "ಮೊದ್ಲೇ ಒಳಗೆ ಸ್ವಲ್ಪ ಬಿಟ್ಟು ಹೊಲೀಬೇಕಿತ್ತು" ಎಂದಳು.

ನಮ್ಮ ನಾಲ್ಕೂ ಮನೆಗಳನ್ನು ಒಟ್ಟಿಗೆ ಹಿಡಿದಿಟ್ಟದ್ದು ಮಾತ್ರ ಒಂದು ಜಂಪರ್ ಪೀಸು. ಹೆಣ್ಣುಮಗಳು ಮನೆಗೆ ಬಂದರೆ ಅಕ್ಕಿ, ಕಾಯಿ, ಎಲೆ ಅಡಿಕೆ, ಕಣ ಇಟ್ಟು ಉಡಿ ತುಂಬಿ ಕಳಿಸಬೇಕು. ಕಾಯಿ ಒಡೆದು ತಿನ್ನುತ್ತೇವೆ, ಅಕ್ಕಿ ಬೇಯಿಸುತ್ತೇವೆ, ಕಣವನ್ನು ಮಾತ್ರ ಟ್ರಂಕಿಗೆ ಹಾಕುತ್ತೇವೆ, ಮುಂದಿನ ಹೆಣ್ಣುಮಗಳಿಗೆ ಆಯಿತೆಂದು. ಅಂಥದ್ದೊಂದು ಗಿಣಿಹಸಿರು ಪೀಸಿನ ಅಂಚಿಗೆ ಅರಿಸಿನದ ಕಲೆ ಇತ್ತು. ಅವ್ವ ಅದನ್ನು ಅಕ್ಕನಿಗೆ ಕೊಟ್ಟಿದ್ದಳು. ಅಕ್ಕ ಚಿಕ್ಕವ್ವನಿಗೆ, ಚಿಕ್ಕವ್ವ ನನಗೆ, ನಾನು ಗೌರಿಹಬ್ಬಕ್ಕೆ ಬಂದಿದ್ದ ಅವ್ವನಿಗೇ ಕೊಟ್ಟೆ. ಅವ್ವ ಕಲೆಯನ್ನು ಗುರುತಿಸಿದಳು, ಏನೂ ಅನ್ನಲಿಲ್ಲ, ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿಕೊಂಡಳು. ನಾಲ್ಕು ತಾಲ್ಲೂಕುಗಳಲ್ಲಿ ಅಷ್ಟು ಸುತ್ತಿದ ಸರ್ಕಾರಿ ನೌಕರನೂ ಇರಲಿಕ್ಕಿಲ್ಲ. ಕೊನೆಗೆ ಅಕ್ಕ ಬೇಸತ್ತು ಅದನ್ನು ದಿಂಬಿಗೆ ಹೊಲಿದುಬಿಟ್ಟಳು. ಸುದ್ದಿ ಕೇಳಿ ಎಲ್ಲರಿಗೂ ಪೇಚಾಯಿತು. ಈಗ ಪೇಟೆಗೆ ಹೋಗಿ ಹೊಸ ಪೀಸು ತರಬೇಕಲ್ಲ!

ಆ ಕಾಲದಲ್ಲಿ ಮನೆಯ ವಸ್ತುಗಳೆಲ್ಲ ನಮಗಿಂತ ಚೆನ್ನಾಗಿ ಉಟ್ಟುಕೊಂಡಿದ್ದವು. ರೇಡಿಯೋಗೆ ಕ್ರೋಶಾ ಹೆಣೆದ ಹೊದಿಕೆ, ಮಿಕ್ಸಿಗೆ ಝಾಲರಿಯ ಅಂಗಿ, ಟಿ.ವಿ. ಬಂದಾಗ ಅದಕ್ಕೆ ಮುಂದೆ ತೆರೆಯುವ ಪರದೆ, ಅದರ ಮೇಲೆ ಎರಡು ಗಿಣಿ. ಅಕ್ಕ ವೈರ್ ಬ್ಯಾಗ್ ಹೆಣೆಯುವುದು ಕಲಿತ ವರ್ಷ ನೆಂಟರಲ್ಲಿ ಬ್ಯಾಗಿಲ್ಲದವರು ಉಳಿಯಲಿಲ್ಲ. ಮ್ಯಾಟಿ ಬಟ್ಟೆಯ ಮೇಲೆ ಅವಳು ಹಾಕಿದ 'ಸುಸ್ವಾಗತ' ಇನ್ನೂ ಜಗಳೂರಿನ ಮನೆಯ ಬಾಗಿಲ ಮೇಲಿದೆ. ಅಳತೆ ಸಾಲದೆ ಕೊನೆಯ 'ತ' ಚೌಕಟ್ಟಿನ ಒಳಗೆ ಸಿಕ್ಕಿಕೊಂಡು, ಬಂದವರಿಗೆ ಬರೀ 'ಸುಸ್ವಾಗ' ಕಾಣುತ್ತದೆ. ಯಾರೂ ತಿರುಗಿ ಹೋದದ್ದಿಲ್ಲ.

ಹೊಲಿದದ್ದೆಲ್ಲ ಕೊನೆಗೆ ಸೇರುವುದು ಕೌದಿಗೆ. ಅವ್ವನ ಹಳೇ ಸೀರೆ ಮೇಲೆ, ಅಪ್ಪನ ಪಂಚೆ ಕೆಳಗೆ, ನಡುವೆ ನಮ್ಮ ಫ್ರಾಕು ಅಂಗಿಗಳ ತುಂಡು. ಕೌದಿ ಹೊಲಿಯುವ ಹೆಂಗಸರು ಬಂದರೆ ಜಗಲಿಯ ಮೇಲೆ ಅದನ್ನು ಹಾಸಿ, ನಾಲ್ಕು ಕಡೆಯಿಂದ ಕೂತು, ಉದ್ದ ಸೂಜಿಯಲ್ಲಿ ಸಾಲುಹೊಲಿಗೆ ಹಾಕುತ್ತ ನಡುವಿಗೆ ಬರುತ್ತಿದ್ದರು. ಕೂಲಿಯ ಜೊತೆಗೆ ಊಟ, ಒಂದು ಹಳೇ ಸೀರೆ. ಆ ಸೀರೆ ಇನ್ನಾರದೋ ಮನೆಯ ಕೌದಿ ಸೇರುತ್ತಿತ್ತು. ಹೊಲಿಯುವುದು ಸುಲಭ, ಒಗೆಯುವುದು ಕಷ್ಟ. ನೀರು ಕುಡಿದ ಕೌದಿ ಹಿಂಡಲು ಎರಡು ಕಡೆಯೂ ಆಳು ಬೇಕು. ನಮಗೆ ಹೊನ್ನಾಳಿಯಲ್ಲಿ ತುಂಗಭದ್ರೆ, ಚನ್ನಗಿರಿಯಲ್ಲಿ ಭದ್ರಾ ಚಾನಲ್ಲು. ಜಗಳೂರಿನ ಅಕ್ಕನಿಗೆ ಕುಡಿಯುವ ನೀರಿಗೇ ತತ್ವಾರ. ಅದಕ್ಕೇ ಅವಳು ತವರಿಗೆ ಬರುವಾಗ ಮಕ್ಕಳ ಜೊತೆ ಕೌದಿಯ ಗಂಟನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಬರುತ್ತಿದ್ದಳು. ಅಪ್ಪ ಬಸ್‌ಸ್ಟ್ಯಾಂಡಿನಲ್ಲೇ ಕೇಳುತ್ತಿದ್ದರು, "ಈ ಸಲ ಎಷ್ಟವ್ವ?" ಮೊಮ್ಮಕ್ಕಳೆಷ್ಟೆಂದು ಅವರಿಗೆ ಗೊತ್ತಿತ್ತು. ಕೇಳುತ್ತಿದ್ದದ್ದು ಕೌದಿಯ ಲೆಕ್ಕ.

ಅವ್ವನ ಶಾಸ್ತ್ರಕ್ಕೆ ಸವಾಲು ಬಂದದ್ದು ನ್ಯಾಮತಿಯಲ್ಲಿ. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಅದೇ ತಾಲ್ಲೂಕಿನಲ್ಲಿದೆ. ಫೆಬ್ರವರಿಯಲ್ಲಿ ಜಯಂತಿಗೆಂದು ಎಲ್ಲೆಲ್ಲಿಂದಲೋ ಬಂಜಾರರು ಅಲ್ಲಿಗೆ ಬರುತ್ತಾರೆ. ಚಿಕ್ಕವ್ವನ ಮನೆಗೆ ಮಜ್ಜಿಗೆಗೆ ಬರುತ್ತಿದ್ದ ಲಂಬಾಣಿ ಅಜ್ಜಿಯೊಬ್ಬಳು ಮಾತಾಡುತ್ತಲೇ ಕನ್ನಡಿ ಕೂರಿಸಿ ಹೊಲಿಯುತ್ತಿದ್ದಳು. ಗೆರೆ ಇಲ್ಲ, ಚಾಕ್ ಇಲ್ಲ. ಅವ್ವ ಟೇಪು ಕೊಡಲು ಹೋದರೆ, "ಕಣ್ಣದಾವಲ್ಲವ್ವ" ಎಂದಳು. ಅವಳ ಕಾಂಚಳಿಗೆ ಬೆನ್ನಿನ ಬಟ್ಟೆಯೇ ಇಲ್ಲ, ಹಿಂದೆ ದಾರ ಕಟ್ಟುವುದು. ಮೈ ಬಂದರೆ ದಾರ ಸಡಿಲ, ಮೈ ಇಳಿದರೆ ಬಿಗಿ. ಜೀವಮಾನವಿಡೀ ಒಳಗೆ ಬಟ್ಟೆ ಬಿಡುತ್ತ ಬಂದ ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸೋತವಳ ಗೌರವದಿಂದ ವಾಪಸು ಕೊಟ್ಟಳು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿತು. 2023ರಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 1,755 ಲಂಬಾಣಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು. ಆ ಅಜ್ಜಿಯ ಮೊಮ್ಮಗಳು ಈಗ ಚೂಡಿದಾರ್ ತೊಡುತ್ತಾಳೆ. ಸೈಜಿನ ತಾಪತ್ರಯ ಅವರ ಮನೆಗೂ ಬಂತು.

ಚನ್ನಗಿರಿಯಲ್ಲಿ ಹೊಲಿಗೆಗೆ ಅಡಿಕೆಯೇ ಶತ್ರು. ಕೊಯ್ಲು ಶುರುವಾದರೆ ಮನೆಯಲ್ಲಿ ಹೊಲಿಯುವ ಹೆಂಗಸರೆಲ್ಲ ಸುಲಿಯಲು ಕೂರುತ್ತಾರೆ. ಮದುವೆ ನಾಳೆ ಎಂದರೂ, "ಅಡಿಕೆ ಮುಗೀಲಿ ಅಕ್ಕ" ಎಂಬುದೇ ಉತ್ತರ. 2023ರ ಸೆಪ್ಟೆಂಬರ್ 17ರಂದು ಪಿ.ಎಂ. ವಿಶ್ವಕರ್ಮ ಯೋಜನೆ ಶುರುವಾಗಿ, 18 ಬಗೆಯ ಕುಶಲಕರ್ಮಿಗಳಲ್ಲಿ ದರ್ಜಿಗಳೂ ಇದ್ದಾರೆ, ಉಪಕರಣಕ್ಕೆ 15,000 ರೂಪಾಯಿಯ ನೆರವಿದೆ ಎಂದು ತಿಳಿದಾಗ ಮಾತ್ರ ನಮ್ಮ ಓಣಿಯಲ್ಲಿ ಅಡಿಕೆ ಬಿಟ್ಟು ಹೊಲಿಗೆಯ ಮಾತೇ ಮಾತು. ಗುಂಡಿ ಕಿತ್ತರೆ ಪಿನ್ನು ಚುಚ್ಚಿಕೊಂಡು ತಿರುಗುತ್ತಿದ್ದವರಿಗೂ ತಾವು ಹುಟ್ಟಾ ಟೈಲರುಗಳೆಂಬುದು ನೆನಪಾಯಿತು. ಆದರೆ ನಿಜವಾಗಿ ದುಡಿದು ಮಗಳ ಕಾಲೇಜು ಫೀಜು ಕಟ್ಟಿದ್ದು, ಪಕ್ಕದ ಮನೆಯ ಸೊಸೆ ಮೊಬೈಲು ನೋಡಿ ಕಲಿತ ಸೀರೆ ಕುಚ್ಚು. ಕಿಟಕಿಯ ಸರಳಿಗೆ ಸೆರಗು ಬಿಗಿದು, ಮಣಿ ಪೋಣಿಸಿ, ಅತ್ತೆ ಮಲಗಿದ ಮೇಲೆ ಗಂಟು ಹಾಕುತ್ತಾಳೆ. ಅತ್ತೆಗೆ ಅದು ಟೈಂಪಾಸು. ಸೀರೆಗೆ ಇಂತಿಷ್ಟೆಂದು ರೇಟು ಕೇಳಿದ ದಿನದಿಂದ ಮಣಿ ಪೋಣಿಸಿಕೊಡುವವರೂ ಅತ್ತೆಯೇ.

ಅವ್ವ ತೀರಿದ ಮೇಲೆ ಅವಳ ಟ್ರಂಕು ತೆಗೆದಾಗ ಜಂಪರುಗಳೆಲ್ಲ ಅಕ್ಕನ ಕೈಗೂ ನನ್ನ ಕೈಗೂ ಬಂದವು. ಒಳಗೆ ತಿರುಗಿಸಿದರೆ ಪಕ್ಕದಲ್ಲಿ ಸಾಲು ಸಾಲು ಹೊಲಿಗೆಗಳು. ನಾವು ಹುಟ್ಟಿದಾಗ ಹೊರಗಿನ ಸಾಲಿಗೆ ಬಿಡಿಸಿಕೊಂಡಿದ್ದಾಳೆ. ವಯಸ್ಸಾದಂತೆ ಒಂದೊಂದೇ ಸಾಲು ಒಳಕ್ಕೆ ಹಿಡಿದಿದ್ದಾಳೆ. ಬಿಚ್ಚಿದ ಕಡೆ ಸೂಜಿಯ ತೂತುಗಳು ಉಳಿದಿವೆ. ಕಡೆಗಾಲದಲ್ಲಿ ಕಡ್ಡಿಯಾಗಿದ್ದಳು, ಆದರೂ ಹೆಚ್ಚಾದ ಬಟ್ಟೆಯನ್ನು ಒಂದು ಕಡೆಯೂ ಕತ್ತರಿಸಿರಲಿಲ್ಲ. ಅಕ್ಕ ಅಳುತ್ತಲೇ, "ಇನ್ನೂ ದಪ್ಪ ಆಗ್ತೀನಿ ಅಂತಿದ್ಲು ನೋಡು" ಎಂದಳು. ಇಬ್ಬರಿಗೂ ನಗು ಬಂತು.

ಈಗಿನ ರೆಡಿಮೇಡಿಗೆ ಈ ಆಸೆ ಇಲ್ಲ. ಮೊನ್ನೆ ಬೆಂಗಳೂರಿನಿಂದ ಬಂದ ಮಗಳು ಆನ್‌ಲೈನಿನಲ್ಲಿ ತರಿಸಿದ ಕುರ್ತಾ ಬಿಗಿಯೆಂದು ನನ್ನ ಮುಂದೆ ಹಾಕಿದಳು. ತಿರುಗಿಸಿದೆ. ಬರೀ ಓವರ್‌ಲಾಕು, ಬೆರಳಗಲ ಬಟ್ಟೆಯೂ ಇಲ್ಲ. "ಇದ್ರಲ್ಲಿ ಬಿಡಿಸೋಕೇನೂ ಇಲ್ಲ ಕಣೇ, ನೀನೇ ಅನ್ನ ಬಿಡು" ಎಂದೆ. ಅವಳು ಅನ್ನವನ್ನೂ ಬಿಡಲಿಲ್ಲ, ಕುರ್ತಾವನ್ನೂ ಬಿಡಲಿಲ್ಲ. ಅದನ್ನೇ ಒಂದು ಸೈಜು ದೊಡ್ಡದು ತರಿಸಿದಳು. ಬಂದದ್ದು ಜೋಳಿಗೆ. ಅದೂ ನನ್ನ ಮಿಷನ್ನಿಗೇ ಬಂತು. ಇಸ್ತ್ರಿ ಬಟ್ಟೆಗಳನ್ನು ಎತ್ತಿಟ್ಟು, ಬೆಲ್ಟು ಏರಿಸಿ, ಎರಡೂ ಪಕ್ಕ ಹಿಡಿಸಿ ಕೊಟ್ಟೆ. ಹಾಕಿಕೊಂಡು ಕನ್ನಡಿ ನೋಡಿದವಳೇ, "ಒಳಗೆ ಇಷ್ಟು ಬಟ್ಟೆ ಯಾಕಮ್ಮ ಬಿಟ್ಟಿದೀಯ? ಕತ್ತರಿಸಿಬಿಡು, ಚುಚ್ಚುತ್ತೆ. ನಾನು ಡಯಟ್‌ನಲ್ಲಿದೀನಿ" ಎಂದಳು.

"ಅದಕ್ಕೇ ಬಿಟ್ಟಿರೋದು" ಎಂದೆ.