ನಮ್ಮ ಬಿಲ್ಲು ನಾವೇ

ಗಿರಾಕಿ ತಾನೇ ಬಿಲ್ಲು ಮಾಡಿಕೊಂಡು, ತಾನೇ ದುಡ್ಡು ಕಟ್ಟಿ ಹೊರಡುವ ಯಂತ್ರವನ್ನು ರಾಂಜಣಗಾಂವದ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ. ಆದರೆ ಅದನ್ನು ಓಡಿಸಲು ಇಲ್ಲಿರುವಷ್ಟು ಪಳಗಿದ ಕೈಗಳು ಬೇರೆ ಊರಲ್ಲಿ ಸಿಗುವುದು ಕಷ್ಟ. ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಕಡೆ ಹೋಗುವ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ಬಂದರೆ ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಗುಡಿ. ಅಲ್ಲಿಂದ ತುಸು ದೂರಕ್ಕೆ ಎಂ.ಐ.ಡಿ.ಸಿ. ಎಂಬ ಕೈಗಾರಿಕಾ ವಸಾಹತಿನ ಕಾರ್ಖಾನೆಗಳ ಸಾಲು. ಎಲ್‌ಜಿ, ವರ್ಲ್‌ಪೂಲ್, ಹಾಯರ್, ಮೂರು ಕಂಪನಿಗಳ ಫ್ರಿಜ್ಜುಗಳು ಈ ಒಂದೇ ಊರಿನಿಂದ ಲಾರಿ ಹತ್ತುತ್ತವೆ. ಫಿಯಟ್ ಕಾರ್ಖಾನೆಯ ಕಾರು, ಐಟಿಸಿಯ ತಿಂಡಿ ಪೊಟ್ಟಣ ಬೇರೆ. ಅಲ್ಲೆಲ್ಲ ಪಾಳಿಗೆ ಬರುವವರಲ್ಲಿ ಇಂಡಿ, ಸಿಂದಗಿ, ಆಳಂದ, ಅಫಜಲಪುರ ಕಡೆಯ ಹುಡುಗರನ್ನೂ ನೋಡುತ್ತೇನೆ. ಕೈಯಲ್ಲಿ ಸ್ಕ್ಯಾನರ್ ಗನ್ನು. ಬಿಡಿಭಾಗದ ಮೇಲಿನ ಚೀಟಿಗೆ ಹಿಡಿದರೆ ಟೀಂ ಅನ್ನಬೇಕು, ಅಂದರೆ ಮಾತ್ರ ಮುಂದಿನದು. ಎಂಟು ಗಂಟೆ ಇದೇ ಕೆಲಸ.

ಅದೇ ಹುಡುಗ ಪಾಳಿ ಮುಗಿಸಿ ಕಿರಾಣಿ ಅಂಗಡಿಗೆ ಬಂದರೆ ಎರಡೂ ಕೈ ಜೇಬಿನಲ್ಲಿ. ಕನ್ನಡದ ಬೆನ್ನಿಗೆ ಮರಾಠಿಯ ಬಾಲ ಕಟ್ಟಿ, "ಕಾಕಾ, ತೊಗರಿಬ್ಯಾಳಿ ಅರ್ಧಾ ಕಿಲೋ ದ್ಯಾ" ಎಂದು ಹೇಳಿ ನಿಲ್ಲುತ್ತಾನೆ. ಕಾಕಾ ಒಳಗೆ ಹೋಗುತ್ತಾನೆ, ಬರುತ್ತಾನೆ, ತೂಗುತ್ತಾನೆ, ಹಾಳೆಯ ತುಂಡಿನ ಮೇಲೆ ಲೆಕ್ಕ ಕೂಡಿಸುತ್ತಾನೆ. ಗಿರಾಕಿಗೆ ನಿಲ್ಲುವುದೊಂದೇ ಕೆಲಸ.

ನೂರು ವರ್ಷಗಳ ಹಿಂದೆ ಅಮೆರಿಕದಲ್ಲೂ ಹೀಗೇ ಇತ್ತು. 1916ರಲ್ಲಿ ಮೆಂಫಿಸ್ ನಗರದ ಕ್ಲಾರೆನ್ಸ್ ಸಾಂಡರ್ಸ್ 'ಪಿಗ್ಲಿ ವಿಗ್ಲಿ' ಎಂಬ ವಿಚಿತ್ರ ಹೆಸರಿನ ಅಂಗಡಿ ತೆಗೆದ. ಗಿರಾಕಿಯೇ ಬುಟ್ಟಿ ಹಿಡಿದು ಸಾಲುಗಳ ನಡುವೆ ಸುತ್ತಬೇಕು, ಬೇಕಾದ್ದನ್ನು ತಾನೇ ತೆಗೆದುಕೊಳ್ಳಬೇಕು, ಕೊನೆಗೆ ಗಲ್ಲೆಗೆ ಬರಬೇಕು. ನೌಕರರ ಸಂಬಳ ಉಳಿಯಿತು, ಸಾಮಾನು ಅಗ್ಗವಾಯಿತು. ಕಣ್ಣೆದುರು ಸಾಮಾನು ಕಂಡ ಜನ ಬೇಡದ್ದನ್ನೂ ಬುಟ್ಟಿಗೆ ಹಾಕಿಕೊಂಡರು. ಸಾಂಡರ್ಸ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಷೇರುಪೇಟೆಯಲ್ಲಿ ಮುಳುಗಿ ಅಂಗಡಿ ಕಳೆದುಕೊಂಡ ಮೇಲೆ 1937ರಲ್ಲಿ 'ಕೀಡೂಜಲ್' ಎಂಬ ಇನ್ನೊಂದು ಹುಚ್ಚು ಹಚ್ಚಿಕೊಂಡ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಾದರಿಗೆ ಗಿರಾಕಿ ಒಂದು ಕೀಲಿ ತೂರಿಸಿದರೆ ಸಾಮಾನು ಒಳಗಿನಿಂದ ಪಟ್ಟಿಯ ಮೇಲೆ ಉರುಳಿ ಬರಬೇಕು. ಯಂತ್ರ ಪದೇ ಪದೇ ಕೆಟ್ಟಿತು, ಅಂಗಡಿ ಮುಚ್ಚಿತು. ಆ ಮನುಷ್ಯನ ಮೇಲೆ ನನಗೆ ಒಂದು ರೀತಿಯ ಅಕ್ಕರೆ. ಅರ್ಧ ಶತಮಾನ ಮೊದಲೇ ಹುಟ್ಟಿಬಿಟ್ಟ.

ಆ ಅರ್ಧ ಶತಮಾನದಲ್ಲಿ ಬಂದದ್ದು ಬಾರ್‌ಕೋಡ್. 1974ರ ಜೂನ್ 26ರಂದು ಒಹಾಯೋದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚ್ಯೂಯಿಂಗ್ ಗಮ್ಮಿನ ಪೊಟ್ಟಣವೊಂದು ಮೊದಲ ಸಲ ಟೀಂ ಅಂದಿತು. ನಮ್ಮ ಬಿಸ್ಕತ್ತಿನ ಪುಡಿಕೆ ತಿರುಗಿಸಿದರೆ ಗೆರೆಗಳ ಕೆಳಗೆ 890 ಎಂದು ಶುರುವಾಗುವ ಅಂಕಿ ಕಾಣುತ್ತದಲ್ಲ, ಅದು ಭಾರತದಲ್ಲಿ ನೋಂದಾಯಿಸಿದ ಕಂಪನಿ ಎಂಬ ಗುರುತು. ಸಾಮಾನು ಇಲ್ಲೇ ತಯಾರಾಯಿತು ಎಂದು ಅದರ ಅರ್ಥವಲ್ಲ, ಹಾಗೆಂದು ವಾಟ್ಸ್‌ಆ್ಯಪ್‌ನಲ್ಲಿ ಎಷ್ಟೇ ಸಂದೇಶ ಬರಲಿ. 1986ರಲ್ಲಿ ಅಟ್ಲಾಂಟಾ ಹತ್ತಿರದ ಅಂಗಡಿಯೊಂದರಲ್ಲಿ ಗಲ್ಲೆಯ ಗನ್ನನ್ನೂ ಗಿರಾಕಿಯ ಕೈಗೇ ಕೊಟ್ಟು ನೋಡಿದರು. ಸಾಂಡರ್ಸ್ ಗಿರಾಕಿಯಿಂದ ಆರಿಸುವ ಕೆಲಸ ಮಾಡಿಸಿದ್ದ. ಇವರು ಬಿಲ್ಲು ಬರೆಯುವ ಕೆಲಸವನ್ನೂ ಮಾಡಿಸಿದರು.

ನಾನು ಆ ಯಂತ್ರವನ್ನು ಮೊದಲು ಕಂಡದ್ದು ಇಂಗ್ಲೆಂಡಿನಲ್ಲಿ, ಅಕ್ಕನ ಮಗಳ ಮನೆಗೆ ಹೋದಾಗ. ಅಕ್ಕನೂ ಜೊತೆಗಿದ್ದಳು. ಅಥಣಿಯ ಸಂತೆಯಲ್ಲಿ ಐವತ್ತು ವರ್ಷ ಚೌಕಾಶಿ ಮಾಡಿದ ಹೆಂಗಸು ಅವಳು. ಹಾಲಿನ ಡಬ್ಬಿ ಟೀಂ ಅಂದಿತು, ಬ್ರೆಡ್ಡು ಟೀಂ ಅಂದಿತು. ಕೊತ್ತಂಬರಿಗೆ ಚೀಟಿ ಇರಲಿಲ್ಲ. ಪರದೆಯ ಮೇಲೆ ಹುಡುಕಿದರೆ ಕೊತ್ತಂಬರಿಯಂತೆಯೇ ಕಾಣುವ ಇನ್ನೆರಡು ಸೊಪ್ಪಿನ ಚಿತ್ರ. ಯಾವುದು ಒತ್ತಬೇಕೆಂದು ಅಕ್ಕನ ಮಗಳು ನೋಡುತ್ತಿದ್ದಾಗ ಅಕ್ಕ ತನ್ನ ಕೈಚೀಲವನ್ನು ಪಕ್ಕದ ಕಟ್ಟೆಯ ಮೇಲೆ ಇಳಿಸಿದಳು. ಅದು ಕಟ್ಟೆಯಲ್ಲ, ತಕ್ಕಡಿ. ತಲೆಯ ಮೇಲೆ ಕೆಂಪು ದೀಪ ಹತ್ತಿತು. ಇಡುವ ಜಾಗದಲ್ಲಿ ಅನಿರೀಕ್ಷಿತ ವಸ್ತು ಇದೆ ಎಂದು ಹೆಣ್ಣುದನಿಯೊಂದು ಬಹಳ ಸಭ್ಯವಾಗಿ ದೂರು ಕೊಟ್ಟಿತು. ಒಬ್ಬ ಹುಡುಗ ಬಂದ, ಕೊರಳಿನ ಕಾರ್ಡು ತೋರಿಸಿದ, ಏನೂ ಮಾತಾಡದೆ ಹೋದ. "ಅಂವಾ ಯಾಕ ಬಂದಾ, ಯಾಕ ಹ್ವಾದಾ?" ಎಂದು ಅಕ್ಕ ಕೇಳಿದಳು. ಉತ್ತರ ನಮ್ಮಲ್ಲಿ ಯಾರಿಗೂ ಸಲೀಸಾಗಿ ಹೊಳೆಯಲಿಲ್ಲ.

ರಾಂಜಣಗಾಂವದ ಸ್ಥಳಪುರಾಣ ನೆನಪಾಯಿತು. ತ್ರಿಪುರಾಸುರನ ಮೇಲೆ ಯುದ್ಧಕ್ಕೆ ಹೊರಟ ಶಿವ ಮಗನಿಗೆ ಮೊದಲು ಕೈಮುಗಿಯುವುದನ್ನು ಮರೆತನಂತೆ, ಗೆಲುವು ಸಿಗಲಿಲ್ಲವಂತೆ. ಹಿಂದಿರುಗಿ ಗಣಪತಿಯನ್ನು ಪೂಜಿಸಿದ ಮೇಲೆಯೇ ಅಸುರ ಬಿದ್ದ. ಆ ಕಾರ್ಡಿನ ಹುಡುಗ ಅಂಥ ಗಣಪ. ಆರು ಯಂತ್ರಗಳಿಗೆ ಅವನೊಬ್ಬನೇ, ಎಲ್ಲ ಕೆಂಪು ದೀಪಗಳಿಗೂ ಅವನೇ ಬರಬೇಕು.

ಯಂತ್ರ ನಡೆಯುವ ರೀತಿ ಸರಳ. ಪ್ರತಿ ಸಾಮಾನಿನ ತೂಕ ಎಷ್ಟಿರಬೇಕು ಎಂಬ ಲೆಕ್ಕ ಅದರ ಹೊಟ್ಟೆಯಲ್ಲಿದೆ. ಸ್ಕ್ಯಾನ್ ಆದ ಸಾಮಾನಿನ ತೂಕ ತಕ್ಕಡಿಯ ಮೇಲೆ ಸಿಗಬೇಕು. ಕಡಿಮೆಯಾದರೂ ಅನುಮಾನ, ಹೆಚ್ಚಾದರೂ ಅನುಮಾನ. ಕೆಲಸ ನಮ್ಮದು, ಸಂಬಳವಿಲ್ಲ, ಮೇಲೆ ಕಳ್ಳನಿರಬಹುದೆಂಬ ಗುಮಾನಿ ಬೇರೆ. ಹೀಗೆ ನಡೆಸಿಕೊಂಡರೆ ಜನ ಏನು ಮಾಡುತ್ತಾರೆ? ಅದನ್ನೂ ಅಭ್ಯಾಸ ಮಾಡಿದವರಿದ್ದಾರೆ. ಅಪರಾಧಶಾಸ್ತ್ರಜ್ಞೆ ಎಮೆಲಿನ್ ಟೇಲರ್ ಬರೆದ ಪ್ರಕಾರ, ಎಂದೂ ಕಳ್ಳತನ ಮಾಡದ ಸಂಭಾವಿತರೇ ಈ ಯಂತ್ರದ ಮುಂದೆ ದುಬಾರಿ ಹಣ್ಣನ್ನು ಗಜ್ಜರಿ ಎಂದು ಒತ್ತಿ ತೂಗುತ್ತಾರೆ. ಅಂಗಡಿಯೊಂದು ತನ್ನಲ್ಲಿದ್ದುದಕ್ಕಿಂತ ಹೆಚ್ಚು ಗಜ್ಜರಿ ಮಾರಿದ ಲೆಕ್ಕ ಸಿಕ್ಕಾಗ ಗುಟ್ಟು ಬಯಲಾಯಿತಂತೆ. ಕಾಕಾನ ಮುಂದೆ ಸೇಬು ಹಿಡಿದು ಗಜ್ಜರಿ ಎನ್ನುವ ಧೈರ್ಯ ಯಾರಿಗಿದೆ? ಕಣ್ಣಿಗೆ ಕಣ್ಣು ತಾಗುತ್ತದೆ. ಯಂತ್ರಕ್ಕೆ ತಾಗಿಸಲು ಕಣ್ಣಿಲ್ಲ, ಕ್ಯಾಮೆರಾ ಇದೆ.

ಈಗ ಕೆಲವರು ಹಿಂದೆ ಸರಿಯುತ್ತಿದ್ದಾರೆ. ಉತ್ತರ ಇಂಗ್ಲೆಂಡಿನ ಬೂತ್ಸ್ ಎಂಬ ಅಂಗಡಿಗಳ ಸರಪಳಿ 2023ರಲ್ಲಿ ತನ್ನ 28 ಅಂಗಡಿಗಳ ಪೈಕಿ ಎರಡನ್ನು ಬಿಟ್ಟು ಉಳಿದ ಕಡೆ ಈ ಯಂತ್ರಗಳನ್ನು ತೆಗೆಯುವುದಾಗಿ ಹೇಳಿತು. ಅಮೆಜಾನ್ ಇನ್ನೊಂದು ದಾರಿ ಹಿಡಿದಿತ್ತು: ಸ್ಕ್ಯಾನೂ ಬೇಡ, ತಕ್ಕಡಿಯೂ ಬೇಡ, ತೆಗೆದುಕೊಂಡು ನಡೆದುಬಿಡಿ, ಮಾಡಿನ ಕ್ಯಾಮೆರಾ ಲೆಕ್ಕ ಇಡುತ್ತದೆ. 2018ರಲ್ಲಿ ಸಿಯಾಟಲ್‌ನಲ್ಲಿ ಅಂಥ ಅಂಗಡಿ ಜನರಿಗೆ ತೆರೆಯಿತು. 2024ರಲ್ಲಿ ತನ್ನ ದೊಡ್ಡ ದಿನಸಿ ಅಂಗಡಿಗಳಿಂದ ಅದನ್ನು ತೆಗೆಯುವುದಾಗಿ ಕಂಪನಿ ಹೇಳಿದಾಗ ಒಂದು ವರದಿ ಎಲ್ಲೆಡೆ ಓಡಾಡಿತು. ಆ ಕ್ಯಾಮೆರಾ ಚಿತ್ರಗಳನ್ನು ನೋಡಿ ಬಿಲ್ಲು ಸರಿಯಿದೆಯೇ ಎಂದು ಪರಿಶೀಲಿಸಲು ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಜನ ಕೂತಿದ್ದಾರೆಂಬ ವರದಿ. ಅವರು ಮುಖ್ಯವಾಗಿ ಯಂತ್ರಕ್ಕೆ ಕಲಿಸಲು ಚಿತ್ರಗಳನ್ನು ಗುರುತಿಸುವವರು, ಕೂತು ಕಾಯುವವರಲ್ಲ ಎಂದು ಕಂಪನಿ ಉತ್ತರ ಕೊಟ್ಟಿತು. ಎರಡೂ ಮಾತನ್ನು ಪಕ್ಕಕ್ಕಿಟ್ಟರೂ ಇಷ್ಟು ಉಳಿಯುತ್ತದೆ: ಮನುಷ್ಯನಿಲ್ಲದ ಅಂಗಡಿಯ ಹಿಂದೆ ನಮ್ಮ ಕಡೆಯ ಮನುಷ್ಯರಿದ್ದರು. ಕಾಕಾ ಗಲ್ಲೆಯಿಂದ ಎದ್ದು ಹೋಗಿರಲಿಲ್ಲ, ಏಳು ಸಮುದ್ರದಾಚೆ ಕೂತಿದ್ದ.

ನಮ್ಮ ದೊಡ್ಡ ಅಂಗಡಿಗಳಲ್ಲಿ ಈ ಯಂತ್ರ ಯಾಕೆ ಬೇರು ಬಿಟ್ಟಿಲ್ಲ ಎಂದು ತಿಳಿಯಲು ಪುಣೆಯ ಯಾವುದಾದರೂ ಮಾಲಿನ ಬಾಗಿಲಲ್ಲಿ ನಿಂತರೆ ಸಾಕು. ತರಕಾರಿ ತೂಗಿ ಚೀಟಿ ಹಚ್ಚಲು ಒಬ್ಬಳು. ಬಿಲ್ಲು ಮಾಡಲು ಒಬ್ಬ. ಅವನು ಸಾಮಾನು ಮುಟ್ಟುವ ಮೊದಲೇ ಮೊಬೈಲ್ ನಂಬರ್ ಕೇಳುತ್ತಾನೆ. ಚೀಲಕ್ಕೆ ತುಂಬಲು ಇನ್ನೊಬ್ಬ. ಇವರೆಲ್ಲರನ್ನೂ ದಾಟಿ ಹೊಸ್ತಿಲಿಗೆ ಬಂದರೆ ಸಮವಸ್ತ್ರದ ಕಾವಲುಗಾರ ಬಿಲ್ಲು ಈಸಿಕೊಂಡು, ಟ್ರಾಲಿಯ ಕಡೆ ಒಂದು ನೋಟ ಎಸೆದು, ಠಪ್ಪನೆ ಠಸ್ಸೆ ಒತ್ತುತ್ತಾನೆ. ಮೂರು ಮೀಟರ್ ದೂರದಲ್ಲಿ, ಅವನ ಕಣ್ಣೆದುರೇ ಮಾಡಿದ ಬಿಲ್ಲು ಅದು! ಗಲ್ಲೆಯವನನ್ನೇ ನಂಬದ ಅಂಗಡಿ ಗಿರಾಕಿಯ ಕೈಗೆ ಗನ್ನು ಕೊಟ್ಟೀತೇ? ಡೆಕಾಥ್ಲಾನ್‌ನಂಥ ಕಡೆ ಮಾತ್ರ ಬೇರೆ ಬಗೆ. ಪ್ರತಿ ಬಟ್ಟೆಯ ಚೀಟಿಯೊಳಗೆ ಎಳೆಯಂಥ ಆ್ಯಂಟೆನಾ ಇರುತ್ತದೆ. ತೊಟ್ಟಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಸುರಿದರೆ ರೇಡಿಯೋ ಅಲೆಗಳು ತಾವೇ ಎಣಿಸುತ್ತವೆ. ನೋಡಲು ಸೊಗಸು. ಬದನೆಕಾಯಿಗೆ ಆ್ಯಂಟೆನಾ ಹಚ್ಚಲು ಬರುವುದಿಲ್ಲವಲ್ಲ.

ನಂಬಿಕೆಯ ಮಾತು ಬಂತಲ್ಲ, ರಾಂಜಣಗಾಂವದ ಹೆದ್ದಾರಿಯಲ್ಲೇ ಅಹಿಲ್ಯಾನಗರ ದಾಟಿ ಮುಂದೆ ಹೋದರೆ ಶನಿ ಶಿಂಗಣಾಪುರ. ಮನೆಗಳಿಗೆ ಬಾಗಿಲಿಲ್ಲದ ಊರು. ಕದ್ದವನನ್ನು ಶನಿದೇವರೇ ನೋಡಿಕೊಳ್ಳುತ್ತಾನೆ ಎಂಬ ನಂಬಿಕೆ. 2011ರಲ್ಲಿ ಯೂಕೋ ಬ್ಯಾಂಕ್ ಅಲ್ಲಿ ಬೀಗವಿಲ್ಲದ ಶಾಖೆ ತೆರೆದದ್ದು ದೊಡ್ಡ ಸುದ್ದಿಯಾಗಿತ್ತು. 2015ರಲ್ಲಿ ಅದೇ ಊರಿಗೆ ಪೊಲೀಸ್ ಠಾಣೆಯೂ ಬಂತು. ದೇವರ ಮೇಲೆ ಭಾರ ಹಾಕಿದವರೂ ಒಂದು ಠಾಣೆ ಇರಲಿ ಅಂದುಕೊಂಡರೆ ತಪ್ಪೇನಿಲ್ಲ. ಮಾಲಿನ ಠಸ್ಸೆಯೂ ಅದೇ ಜಾತಿಯದು.

ಇಷ್ಟೆಲ್ಲ ಆದ ಮೇಲೂ ಕಾಕಾನ ಅಂಗಡಿಯಲ್ಲಿ ಬಿಲ್ಲಿನ ಅರ್ಧ ಕೆಲಸವನ್ನು ನಾವೇ ಮಾಡುತ್ತಿದ್ದೇವೆ, ಗಮನಿಸಿದ್ದೀರಾ? 2016ರಲ್ಲಿ ಯುಪಿಐ ಬಂತು. ಈಗ ಅಕ್ಕಿ ಮೂಟೆಯ ಪಕ್ಕ ಅಂಟಿಸಿದ ಚೌಕದ ಚಿತ್ರಕ್ಕೆ ಮೊಬೈಲ್ ಹಿಡಿಯುವವರು ನಾವು, ಮೊತ್ತ ಒತ್ತುವವರು ನಾವು, ಗುಟ್ಟಿನ ಅಂಕಿ ಹಾಕುವವರೂ ನಾವು. ಕಾಕಾ ತಲೆ ಎತ್ತುವುದೂ ಇಲ್ಲ. ಗಲ್ಲೆಯ ಮೇಲಿನ ಪುಟ್ಟ ಪೆಟ್ಟಿಗೆ ದುಡ್ಡು ಬಂತೆಂದು ಮರಾಠಿಯಲ್ಲೋ ಹಿಂದಿಯಲ್ಲೋ ಕೂಗಿದರೆ ಅವನಿಗೆ ಸಾಕು. (ನಮ್ಮ ಕಡೆಯಾದರೆ ಕಿಚ್ಚ ಸುದೀಪರ ದನಿಯಲ್ಲೇ ಕೂಗುವ ಪೆಟ್ಟಿಗೆಯೂ ಇದೆ, ಎರಡು ರೂಪಾಯಿಯ ಬೆಂಕಿಪೊಟ್ಟಣಕ್ಕೂ ಅದೇ ಗತ್ತು.) ಎಂಬತ್ತಮೂರರ ಬದಲು ಮೂವತ್ತೆಂಟು ಎಂದರೆ ಮಾತ್ರ ಬೆಲ್ಲ ತೂಗುತ್ತಿದ್ದ ಕೈ ಅಲ್ಲೇ ನಿಲ್ಲುತ್ತದೆ. ಆ ಚೌಕದ ಚಿತ್ರವನ್ನು 1994ರಲ್ಲಿ ಜಪಾನಿನ ಡೆನ್ಸೋ ಕಂಪನಿಯ ಮಸಾಹಿರೋ ಹಾರಾ ಮತ್ತು ಸಂಗಡಿಗರು ಕಂಡುಹಿಡಿದದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಹಗಲು ಕಾರ್ಖಾನೆಯಲ್ಲಿ ಅದನ್ನು ನೋಡಿ ಬಂದ ಹುಡುಗ ಸಂಜೆ ಅದೇ ಚೌಕಕ್ಕೆ ಮೊಬೈಲ್ ಹಿಡಿದು ತೊಗರಿಬೇಳೆ ಒಯ್ಯುತ್ತಾನೆ.

ಪೆಟ್ಟಿಗೆ ಹೇಳುವುದು ಕಾಕಾನಿಗೆ ಮಾತ್ರವಲ್ಲ ಎಂಬುದು 2025ರ ಜುಲೈಯಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ತಿಳಿಯಿತು. ವರ್ಷಕ್ಕೆ 40 ಲಕ್ಷ ದಾಟಿದ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ನೋಟಿಸು ಕಳಿಸಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಚೌಕದ ಚಿತ್ರದ ಜಾಗಕ್ಕೆ 'ನಗದು ಮಾತ್ರ' ಎಂಬ ಹಾಳೆ ಬಂತು. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸಾಮಾನು ಮಾರಿದವರೂ ಗಾಬರಿಯಾದರು. ಸುದ್ದಿ ಇಲ್ಲಿಗೂ ಬಂದಾಗ ಕಾಕಾ ನನ್ನನ್ನೇ ಕೇಳಿದ, ನಿಮ್ಮ ರಾಜ್ಯದಾಗ ಇದೇನ್ರೀ ಅಂತ, ನೋಟಿಸು ನಾನೇ ಬರೆದವನಂತೆ.

ಇನ್ನು ಆ ಬಿಲ್ಲಿನ ಯಂತ್ರದ ಬಗ್ಗೆ ನನ್ನ ತಕರಾರು ಕೆಲಸ ಹೇರಿತೆಂಬುದಲ್ಲ. ಕೆಲಸ ಮಾಡೋಣ, ಅದರಲ್ಲೇನು. ಅಂಗಡಿಯವನ ಕೆಲಸ ಕೊಟ್ಟವರು ಅವನ ಅಧಿಕಾರವನ್ನು ಕೊಡಲಿಲ್ಲ, ತಕರಾರು ಅದಕ್ಕೆ. ನಮ್ಮ ಕಡೆ ಜೋಳ ಅಳೆಯುವವನು ಒಂದು ಎನ್ನುವುದಿಲ್ಲ, ಲಾಭ ಎಂದು ಶುರುಮಾಡಿ ಎರಡಕ್ಕೆ ಹೋಗುತ್ತಾನೆ. ಅಳತೆ ಮುಗಿದ ಮೇಲೆ ಮತ್ತೊಂದು ಬೊಗಸೆ ಕೊಸರು ಹಾಕುತ್ತಾನೆ. ನಾಲ್ಕು ರೂಪಾಯಿ ಬಿಡುವುದು, ಹುಳ ಹಿಡಿದ ಬದನೆ ತೆಗೆದಿಟ್ಟು ಬೇರೆ ಕೊಡುವುದು, ಪಗಾರ ತಡವಾದ ತಿಂಗಳು ಉದ್ರಿ ಬರೆದುಕೊಳ್ಳುವುದು, ಇವೆಲ್ಲ ಗಲ್ಲೆಯ ಮೇಲೆ ಕೂತವನ ಹಕ್ಕು. ಆ ಹಕ್ಕಿನಿಂದಲೇ ಅವನು ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಗೆ ಇಲ್ಲ ಎನ್ನುತ್ತಾನೆ, ಜಾತಿ ನೋಡುತ್ತಾನೆ, ಪರವೂರಿನವನ ಲೆಕ್ಕಕ್ಕೆ ಹತ್ತು ರೂಪಾಯಿ ಕೂಡಿಸುತ್ತಾನೆ. ಅದನ್ನು ಮರೆತು ಕಾಕಾನನ್ನು ಹಾಡಿಹೊಗಳಲು ನನಗೆ ಮನಸ್ಸಿಲ್ಲ. ಭಾಷೆ ಬಾರದ ಊರಲ್ಲಿ ಮೊದಲ ತಿಂಗಳು ಕಳೆಯುವ ಹುಡುಗನಿಗೆ ಮಾತಾಡಿಸದ ಯಂತ್ರವೇ ಹಿತವೆನಿಸಬಹುದು. ಆದರೆ ಲೆಕ್ಕ ತಪ್ಪಿದರೆ ಕಾಕಾನೊಡನೆ ಜಗಳವಾಡಬಹುದು. ಕೆಂಪು ದೀಪದೊಡನೆ ಆಗುವುದಿಲ್ಲ.

ನೆದರ್ಲೆಂಡ್ಸ್‌ನ ಯುಂಬೋ ಅಂಗಡಿಗಳವರು 2019ರಲ್ಲಿ ವ್ಲೈಮೆನ್ ಎಂಬ ಊರಲ್ಲಿ ಹರಟೆಯ ಗಲ್ಲೆ ಎಂದೇ ಒಂದನ್ನು ಇಟ್ಟರು. ಅವಸರವಿಲ್ಲದವರು, ಒಂಟಿ ಮುದುಕರು ಅಲ್ಲಿ ಸಾಲು ನಿಂತು ನಿಧಾನಕ್ಕೆ ಮಾತಾಡಿ ಬಿಲ್ಲು ಮಾಡಿಸಬಹುದು. ಮುಂದೆ ಅದನ್ನು ಬೇರೆ ಊರುಗಳಿಗೂ ಹಬ್ಬಿಸಿದರು.

ರಾಂಜಣಗಾಂವದಲ್ಲಿ ಅದಕ್ಕೆ ಬೇರೆ ಗಲ್ಲೆ ಬೇಕಿಲ್ಲ. ವಾರದ ರಜೆಯ ದಿನ ಹೋಗಿ ನೋಡಿ, ಕಲಬುರಗಿಯ ಕಡೆಯ ಇಬ್ಬರು ಹೆಂಗಸರು ಬಿಳಿಜೋಳಕ್ಕೆ ಕಾಕಾ ಹೇಳಿದ ದರ ಕೇಳಿ, ಊರಲ್ಲಿ ಇಷ್ಟಕ್ಕೆ ಚೀಲವೇ ಬರುತ್ತದೆಂದು ವಾದ ಹೂಡಿರುತ್ತಾರೆ. ಕಾಕಾ ಮರಾಠಿಯಲ್ಲಿ ಸೊಲ್ಲಾಪುರದ ಪೇಟೆಯ ದರ ಹೇಳುತ್ತಾನೆ, ಅವರು ಕನ್ನಡದಲ್ಲಿ ಆಳಂದದ ದರ ಹೇಳುತ್ತಾರೆ. ಹಿಂದೆ ನಿಂತ ನನಗೆ ಬೇಕಾದದ್ದು ಒಂದು ಉಪ್ಪಿನ ಪುಡಿಕೆ. ಎರಡೂ ಕಡೆಯವರು ನನ್ನ ಸಾಕ್ಷಿ ಕೇಳುತ್ತಾರೆ, ಜೋಳದ ದರ ನನಗೆ ಗೊತ್ತಿರಲೇಬೇಕು ಎಂಬಂತೆ.