ಹತ್ತು ಗಂಟೆಗೆ ವೈಫೈ ಬಂದ್

ಮಗ ರಾತ್ರಿ ಹನ್ನೊಂದಾದ್ರೂ ಟ್ಯಾಬ್ ಬಿಡ್ತಿರಲಿಲ್ಲ. ಬೈದು ಸಾಕಾಗಿ ಒಂದು ಭಾನುವಾರ ಬ್ರೌಸರ್‌ನಲ್ಲಿ 192.168.1.1 ಅಂತ ಹಾಕಿ ರೌಟರ್ ಒಳಹೊಕ್ಕೆ. ಪಾಸ್‌ವರ್ಡ್ ಇನ್ನೂ ‘ಅಡ್ಮಿನ್’ ಅಂತಲೇ ಇತ್ತು! (ನಿಮ್ಮನೇದೂ ಹಾಗಿದ್ರೆ ಇವತ್ತೇ ಬದಲಿಸಿ.) ಪೇರೆಂಟಲ್ ಕಂಟ್ರೋಲ್‌ನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇಂಟರ್‌ನೆಟ್ ಬಂದ್ ಅಂತ ಟೈಮ್ ಕೊಟ್ಟೆ. ಯಾವ ಡಿವೈಸ್‌ಗೆ ಅಂತ ಕೇಳಿತು. ಉದ್ದುದ್ದ ಮ್ಯಾಕ್ ಅಡ್ರೆಸ್‌ಗಳ ನಡುವೆ ಟ್ಯಾಬ್ ಯಾವುದು ಅಂತ ಹುಡುಕೋ ತಾಳ್ಮೆ ಇಲ್ಲದೆ ‘ಆಲ್’ ಒತ್ತಿಬಿಟ್ಟೆ. ನನ್ನ ಫೋನಲ್ಲಿ ಹೇಗೂ ಡೇಟಾ ಇತ್ತಲ್ಲ.

ಹತ್ತು ದಿನ ಮನೆ ಶಾಂತ. ಆಮೇಲೊಂದು ಬೆಳಿಗ್ಗೆ ಅಮ್ಮ ಕಾಫಿ ಕೊಡುತ್ತಾ, “ನಿನ್ನ ಚಿಕ್ಕಮ್ಮಂಗೆ ನನ್ ಮೇಲೆ ಏನೋ ಬೇಜಾರು ಕಣೆ. ವಾಟ್ಸ್ಆ್ಯಪ್‌ನಲ್ಲಿ ಎಷ್ಟು ಸಲ ಮಾಡಿದ್ರೂ ಎತ್ತಲ್ಲ” ಅಂದ್ರು.

ಚಿಕ್ಕಮ್ಮ ಇರೋದು ನ್ಯೂಜೆರ್ಸಿಯಲ್ಲಿ. ಬೇಸಿಗೆಯಲ್ಲಿ ಅವರ ಮಧ್ಯಾಹ್ನ ಒಂದು ಗಂಟೆಯ ಊಟದ ಬಿಡುವು ಅಂದ್ರೆ ನಮಗೆ ರಾತ್ರಿ ಹತ್ತೂವರೆ. ಅಮ್ಮನ ಫೋನಿಗೆ ಡೇಟಾ ಪ್ಯಾಕ್ ಇಲ್ಲ. “ಮನೇಲಿ ವೈಫೈ ಇದೆಯಲ್ಲ, ದುಡ್ಡು ದಂಡ” ಅಂದಿದ್ದವಳು ನಾನೇ. ಹತ್ತು ರಾತ್ರಿ ಅವರು ಕತ್ತಲಲ್ಲಿ ಆ ಸುತ್ತೋ ಚಕ್ರ ನೋಡ್ತಾ, ತಂಗಿಗೆ ತಾನೇನು ಅಂದೆ ಅಂತ ಯೋಚಿಸಿದ್ದಾರೆ.

ಸಂಜೆ ಟ್ಯಾಬ್‌ನ ವೈಫೈ ಸೆಟ್ಟಿಂಗ್‌ನಲ್ಲಿ ‘ರ‍್ಯಾಂಡಮ್ ಮ್ಯಾಕ್’ ತೆಗೆದು ‘ಡಿವೈಸ್ ಮ್ಯಾಕ್’ ಇಟ್ಟು, ಆ ಒಂದೇ ಅಡ್ರೆಸ್‌ಗೆ ರೂಲ್ ಹಾಕಿದೆ. ಐದು ನಿಮಿಷದ ಕೆಲಸ. ಅಮ್ಮನ ಹತ್ತಿರ ತಪ್ಪು ನಂದೇ ಅಂತ ಒಪ್ಪಿಕೊಳ್ಳೋಕೆ ಊಟದವರೆಗೂ ಬೇಕಾಯ್ತು.

ಹತ್ತೂವರೆಗೆ ಅಮ್ಮನ ರೂಮಿಂದ ಜೋರು ನಗು. ಚಿಕ್ಕಮ್ಮನೂ ಅಲ್ಲಿ “ಅಕ್ಕ ನನ್ನ ಮರೆತ್ಲು” ಅಂತ ಮುನಿಸಿಕೊಂಡು ಕೂತಿದ್ರಂತೆ.